‘ತಿಂಡಿ ಆಯ್ತಾ’ ಎಂದು ಮಗಳನ್ನು ಬೈದ ಬಗ್ಗೆ

ಮಟ್ಟಾಂಚೇರಿ, ಜುಲೈ ೧೯೯೬

ಮಾನ್ಯ ಆಪ್ತಸಮಾಲೋಚಕರೇ,

ನನ್ನ ಆರು ವರ್ಷದ ಮಗಳು ಮೇಧಾಳನ್ನು ನಾನು ಕಂಡ ಕೂಡಲೇ ನಿಂದಿಸುತ್ತೇನೆಂದು ತಾವು ವಿಚ್ಛೇದನದ ನ್ಯಾಯಾಲಯಕ್ಕೆ ವರದಿ ಕೊಟ್ಟಿದ್ದೀರಿ. ಅದನ್ನು ನಂಬಿದರೆ ಇದೇ ಇಪ್ಪತ್ತಾರರಂದು ಮಗು ಪೂರ್ತಿಯಾಗಿ ಅವಳಪ್ಪನ ಪಾಲಾಗುತ್ತದೆ. ಅದಕ್ಕೇ ಈ ಪತ್ರವನ್ನು ಕನ್ನಡ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ಕನ್ನಡ ಬಾರದು, ಗೊತ್ತು. ಬಾರದ ಭಾಷೆಯನ್ನು ಅರ್ಥಮಾಡಿಕೊಂಡು ಷರಾ ಬರೆಯುವುದರಲ್ಲಿ ತಾವು ಪಳಗಿದವರಲ್ಲವೇ?

ಓದುಗರಿಗೆ ನನ್ನ ಅಪರಾಧ ತಿಳಿಯಲಿ. ಗಂಡನಿಂದ ದೂರವಾದ ಮೇಲೆ ನಾನು ಇಲ್ಲಿಯ ಮೆಣಸಿನ ಮಂಡಿಯೊಂದರಲ್ಲಿ ಟೈಪಿಸ್ಟ್. ಗಂಡ ಶ್ರೀನಿಧಿ ತಿರುವನಂತಪುರದಲ್ಲಿ ವಿಜ್ಞಾನಿ. ಮಗಳು ಸದ್ಯಕ್ಕೆ ಅಲ್ಲಿಯ ಪಟ್ಟಂ ಬಡಾವಣೆಯ ಅವನ ಫ್ಲ್ಯಾಟಿನಲ್ಲಿದ್ದಾಳೆ. ತಿಂಗಳಿಗೊಂದು ಶುಕ್ರವಾರ ರೈಲು ಹತ್ತಿ ಹೋಗಿ, ತಮ್ಮ ಕೋಣೆಯಲ್ಲಿ, ತಮ್ಮ ಕಣ್ಗಾವಲಿನಲ್ಲಿ, ನಲವತ್ತು ನಿಮಿಷ ಅವಳನ್ನು ನೋಡುತ್ತೇನೆ. ಮೈಸೂರಿನವಳು ನಾನು. ಮಗಳನ್ನು ಕಂಡರೆ ಮೊದಲು ಬಾಯಿಗೆ ಬರುವುದು "ತಿಂಡಿ ಆಯ್ತಾ ಕಂದಾ?" ತಮ್ಮ ಕಿವಿಗೆ ಅದು ‘ತೆಂಡಿ’ ಎಂದು ಬಿತ್ತು. ಮಲಯಾಳದಲ್ಲಿ ಹಾಗೆಂದರೆ ತಿರುಪೆಯೆತ್ತುವವಳು, ಕೆಟ್ಟ ಬೈಗುಳ. ಮೂರು ಭೇಟಿಗೆ ಮೂರು ಬೈಗುಳವೆಂದು ದಿನಾಂಕ ಸಹಿತ ಬರೆದಿರಿ. ಅಲ್ಲ ಸ್ವಾಮಿ, ಮಗು ಪ್ರತಿಸಲವೂ ತಮ್ಮದೇ ಭಾಷೆಯಲ್ಲಿ "ಕಳಿಚ್ಚು ಅಮ್ಮೇ, ಪುಟ್ಟು" ಎಂದಿತಲ್ಲ, ಪುಟ್ಟು ತಿಂದೆ ಅಂತ? ತಿರುಪೆಯವಳೇ ಎಂದು ಬೈಸಿಕೊಂಡವರು ಬೆಳಗ್ಗೆ ತಿಂದದ್ದೇನೆಂದು ವರದಿ ಒಪ್ಪಿಸುತ್ತಾರೆಯೇ?

ಪುಣ್ಯಕ್ಕೆ, ಅವಳ ಶಾಲೆಯ ಪುಸ್ತಕದ ಪಟ್ಟಿ ಅಪ್ಪನ ಹತ್ತಿರ ಇದೆಯಾ ಎಂದು ನಾನು ಕೇಳಲಿಲ್ಲ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಗಂಡನನ್ನು ಹಾಗೆ ಕರೆದೆನೆಂದು ಬರೆದಿದ್ದರೆ ಮಾತ್ರ ನಾನು ತಕರಾರು ಎತ್ತುತ್ತಿರಲಿಲ್ಲ.

ವಿಚಾರಿಸದೆ ಬರೆದಿರಿ ಎನ್ನಲಾರೆ. ಪಕ್ಕದಲ್ಲಿ ಕೂತಿದ್ದ ಶ್ರೀನಿಧಿಯನ್ನು, ಅವಳು ಹೇಳಿದ್ದೇನು ಎಂದು ಕೇಳಿದಿರಿ. ಒಂಬತ್ತು ವರ್ಷ "ತಿಂಡಿ ಏನೇ?" ಎಂದು ಕೇಳಿಕೊಂಡೇ ಹಾಸಿಗೆ ಬಿಟ್ಟು ಎದ್ದ ಮನುಷ್ಯ ತಲೆ ತಗ್ಗಿಸಿ, "ಬಿಡಿ ಸರ್, ಅವಳ ಬಾಯೇ ಹಾಗೆ" ಎಂದ. ‘ತಂದೆ ಸಂಯಮಿ’ ಎಂದು ತಾವು ಗುರುತು ಹಾಕಿಕೊಂಡಿರಿ. ನಾನು ಅರ್ಥ ಬಿಡಿಸಿ ಹೇಳಿದರೆ, "ಬೈದವರೆಲ್ಲ ಆಮೇಲೆ ಅರ್ಥ ಬೇರೆ ಅಂತಾರೆ ಮೇಡಂ" ಎಂದು ಇಂಗ್ಲಿಷಿನಲ್ಲಿ ನಕ್ಕಿರಿ. ಅಷ್ಟು ಓದಿದವರಿಗೆ ಒಂದು ನಿಘಂಟು ತೆರೆಯುವ ತ್ರಾಣ ಇರಲಿಲ್ಲವೇ? ನನಗೆ ತಮ್ಮ ಮೇಲೆ ಅಸಹ್ಯವಾಯಿತು.

ನನ್ನ ವಕೀಲೆ ಜುಬೈದಾ ಕಾಸರಗೋಡಿನವರು, ಎರಡೂ ಭಾಷೆ ಬಲ್ಲವರು. ವರದಿ ಓದಿ ಮೊದಲು ನಕ್ಕರು, ಆಮೇಲೆ ಗಂಭೀರವಾದರು. "ಇನ್ನು ಆ ಕೋಣೆಯಲ್ಲಿ ಕನ್ನಡ ಬೇಡವೇ ಬೇಡ ಮಾರಾಯ್ತಿ. ಗುಡ್ ಮಾರ್ನಿಂಗ್ ಹೇಳಿ ಸುಮ್ಮನೆ ಕೂತ್ಕೊಳ್ಳಿ. ನಡೆದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡಿ. ನಿಮ್ಮನ್ನು ನೀವೇ ಕಾಯ್ಕೊಳ್ಬೇಕು" ಎಂದರು.

ಹೋದ ಶುಕ್ರವಾರ ಹಾಗೇ ಮಾಡಿದೆ. ಮೇಧಾ ಬಂದಳು. "ಗುಡ್ ಮಾರ್ನಿಂಗ್" ಎಂದೆ. ಅವಳು ಕೂರದೆ ನಿಂತೇ ಇದ್ದಳು. ಮಾತು ಕಲಿತಾಗಿನಿಂದ ನನಗೆ ಮಲಯಾಳದಲ್ಲೇ ಉತ್ತರ ಕೊಡುವ ಹುಡುಗಿ, ಕನ್ನಡದಲ್ಲಿ, "ಅಮ್ಮಾ, ಇವತ್ತು ಕೇಳಲ್ವಾ?" ಎಂದಳು. ತಾವು ಪೆನ್ನು ಹಿಡಿದು ಕಾಯುತ್ತಿದ್ದಿರಿ. ನಾನು ಕೇಳಲಿಲ್ಲ. ತಾವು ಬರೆದ ಹೊಸ ವರದಿಯನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ: ‘ತಾಯಿಗೆ ಮಗುವಿನಲ್ಲಿ ಆಸಕ್ತಿಯಿಲ್ಲ.’

ಇಪ್ಪತ್ತಾರರ ಒಳಗೆ ಎರಡೂ ವರದಿಗಳನ್ನು ಹಿಂಪಡೆಯಿರಿ. ಶ್ರೀನಿಧಿಯಿಂದ ಪ್ರಮಾಣ ಮಾಡಿಸಿ ಆ ಮಾತಿನ ಅರ್ಥ ಕೇಳಿ. ಅದಾಗದಿದ್ದರೆ, ಅಮ್ಮ ಅಂದು ಯಾಕೆ ಬಾಯಿ ಬಿಡಲಿಲ್ಲವೆಂದು ಮೇಧಾಳಿಗೆ ತಾವೇ ತಿಳಿಸಿ. ಯಾವ ಭಾಷೆಯಲ್ಲಾದರೂ ಸರಿ.

ಇಂತಿ,
ತಮ್ಮ ವರದಿಗಳ ಪ್ರಕಾರ ಬಾಯಿ ಕೆಟ್ಟವಳೂ ಬಾಯಿಲ್ಲದವಳೂ ಆದ
ಸುಮಿತ್ರ