ಇಪ್ಪತ್ನಾಲ್ಕು ಮಶಿನ್ನು, ಒಂದೇ ಪಟ್ಟಿ

ಜೂನ್ ೩

ಒಂಬತ್ತಕ್ಕೆ ಸೆಂಟರ್ ಬಾಗಿಲು ತೆಗೆದೆ. ಇಪ್ಪತ್ನಾಲ್ಕು ಕಂಪ್ಯೂಟರ್, ಒರೆಸಿ ಚಾಲೂ ಮಾಡಿದೆ. ಸಾಫ್ಟ್‌ವೇರ್ ಹಾಕುವುದರಲ್ಲಿ ಭಾಗ್ಯನಗರದಲ್ಲಿ ನನ್ನನ್ನು ಮೀರಿಸಿದವನಿಲ್ಲ. ಬೇವೂರು ಸಾಲೆಯಲ್ಲಿ ಏಳನೇ ಇಯತ್ತೆ ತನಕ ಓದಿದ್ದು, ಅಷ್ಟೇ. ಆದರೂ ಒಂದು ಮಶಿನ್ನಿಗೆ ಇಪ್ಪತ್ತೇ ನಿಮಿಷ. ಎಲ್ಲಕ್ಕೂ ಒಂದು ದಿನ.

ಈಗ ಅಣ್ಣನ ಮಗಳು ಅಮೃತಾ ಬಂದಿದ್ದಾಳೆ. ಬಿ.ಸಿ.ಎ. ಕೆಲಸಕ್ಕೆ ಹಚ್ಚಿದವನೂ ನಾನೇ… ಅವಳು ಕುರ್ಚಿ ಬಿಟ್ಟು ಏಳುವುದಿಲ್ಲ. ಒಂದು ಫೈಲ್ ಬರೆಯುತ್ತಾಳೆ, ಚಹಾ ಕುಡಿಯುತ್ತಾಳೆ. ಕಪ್ಪು ಕೆಳಗಿಡುವುದರೊಳಗೆ ಇಪ್ಪತ್ನಾಲ್ಕೂ ತಯಾರು.

ಮಾಲೀಕ ವಿರುಪಣ್ಣ ಎಲ್ಲರೆದುರು ಅಂದ: "ಕೊಟ್ರಪ್ಪ, ನಿನ್ನ ಕಾಲಿಗೆ ಇನ್ನ ಆರಾಮ ನೋಡು."

ನಕ್ಕೆ. ಒರೆಸಿದ ಮಶಿನ್ನನ್ನೇ ಮತ್ತೆ ಒರೆಸಿದೆ.

ಜೂನ್ ೬

ಕೇಳಬಾರದೆಂದಿದ್ದೆ. ಕೇಳಿದೆ.

"ಅದರಾಗ ಏನ್ ಬರೀತಿ ಅಮೃತವ್ವ?"

"ಪಟ್ಟಿ, ಕಾಕಾ. ಏನೇನ್ ಇರಬೇಕು ಅಂತ. ಟೈಪಿಂಗಿಂದು, ಲೆಕ್ಕದ್ದು, ಪ್ರಿಂಟರಿಂದು."

"ಹೆಂಗ ಹಾಕಬೇಕು ಅಂತ?"

"ಅದನ್ನ ಹೇಳಂಗಿಲ್ಲ. ಪಟ್ಟ್ಯಾಗ ಇದ್ದದ್ದು ಎಲ್ಲಾ ಮಶಿನ್ನಿನ್ಯಾಗ ಬರತೈತಿ. ಇಲ್ಲದ್ದು ತಾನ ಹೋಗತೈತಿ."

"ಇಷ್ಟ? ಇದನ್ನ ನಿಮ್ಮಾಯಿ ಮುದುಕವ್ವನೂ ಬರೀತಾಳ."

"ಬರೀಲಿ ಬಿಡು. ನನಗೂ ಮಾತಾಡಾಕ ಒಬ್ರು ಆಗತಾರ."

ಬಾಯಿ ನನ್ನದೇ ಬಂದಿದೆ ಹುಡುಗಿಗೆ. ಅದಕ್ಕೂ ಉರಿ.

ಜೂನ್ ೧೨, ಸಂಜೆ

ನಾಳೆ ಟೈಪಿಂಗ್ ಪರೀಕ್ಷೆ. ಹನುಮಸಾಗರದಿಂದಲೂ ಹುಡುಗಿಯರು ಬರುತ್ತಾರೆ. ಅಮೃತಾ ಐದಕ್ಕೇ ಹೋದಳು. ಅವಳ ಕಂಪ್ಯೂಟರ್ ತೆರೆದೇ ಇತ್ತು. ಫೈಲಿನಲ್ಲಿ ಪಟ್ಟಿಯ ಹೆಸರು, ಮುಂದೆ ಸಾಲಾಗಿ ಸಾಫ್ಟ್‌ವೇರುಗಳು.

ಒಂದು ಚೆಸ್ ಆಟ ಸೇರಿಸೋಣ ಅನ್ನಿಸಿತು. ಇಪ್ಪತ್ನಾಲ್ಕರಲ್ಲೂ ಕಂಡರೆ ವಿರುಪಣ್ಣ ಬೆರಗಾಗಬೇಕು. ನಾನು ಮೀಸೆ ತಿರುವಬೇಕು.

ಅವಳು ಬರೆದದ್ದನ್ನು ಮುಟ್ಟಲಿಲ್ಲ. ಮದುವೆಗೆ ಕರೆಯುವ ಯಾದಿಯಲ್ಲಿ ಯಾರಾದರೂ ಬಿಟ್ಟುಹೋದರೆ ನಮ್ಮ ಮನೆಯಲ್ಲಿ ಹಳೇ ಕಾಗದದಲ್ಲಿ ತುರುಕುವುದಿಲ್ಲ. ಬೇರೆ ಚೀಟಿಗೆ ಅದೇ ತಲೆಬರಹ ಹಾಕಿ, ಬಿಟ್ಟವರನ್ನು ಬರೆದು, ಕೆಳಗೆ ಅಂಟಿಸುತ್ತೇವೆ. ಹಾಗೇ ಮಾಡಿದೆ. ಕೆಳಗೆ ಮತ್ತೆ ಅದೇ ಹೆಸರು, ಮುಂದೆ ಚೆಸ್. ಸೇವ್. ಅವಳು ಒತ್ತುವ ಬಟನ್ ಒತ್ತಿದೆ. ಏಳನೇ ಇಯತ್ತೆ ಸಾಕು ಇದಕ್ಕೆ.

ಜೂನ್ ೧೩, ಮಧ್ಯಾಹ್ನ

ಟೈಪಿಂಗ್ ಇಲ್ಲ. ಒಂದರಲ್ಲೂ ಇಲ್ಲ. ಪ್ರಿಂಟರ್ ಕೂಡ ಹೋಗಿದೆ. ಎಲ್ಲದರಲ್ಲೂ ಚೆಸ್, ಅದೊಂದೇ. ಹುಡುಗಿಯರು ಮೊದಲು ನಕ್ಕರು. ಆಮೇಲೆ ಒಬ್ಬಳು ಅತ್ತಳು.

ಅಮೃತಾ ಫೈಲ್ ತೆರೆದಳು. ಕೊನೆಯ ಸಾಲು ನೋಡಿದಳು, ನನ್ನನ್ನು ನೋಡಿದಳು. ಮೆಲ್ಲಗೆ ಅಂದಳು: "ಕಾಕಾ, ಅದ ಹೆಸರಿಗೆ ಇನ್ನೊಂದು ಪಟ್ಟಿ ಕೊಟ್ರ ಇದು ಎರಡೂ ಕೂಡಿಸಂಗಿಲ್ಲ. ಮೊದಲಿಂದನ್ನ ಮರತುಬಿಡತೈತಿ."

ಒಂದು ಸಾಲು ಅಳಿಸಿದಳು. ಒಂಬತ್ತು ನಿಮಿಷ. ಪರೀಕ್ಷೆ ನಡೆಯಿತು.

ವಿರುಪಣ್ಣ ತಣ್ಣಗಾಗಲಿಲ್ಲ. ಅಮೃತಾಗೆ ಅಂದ: "ಫೈಲ್ ನಿಂದು, ತಪ್ಪೂ ನಿಂದು. ತಿಂಗಳು ಮುಗಿಯೋತನಾ ಬಾ, ಸಾಕು."

ಅವಳು ನನ್ನ ಹೆಸರು ಹೇಳಲಿಲ್ಲ.

ನಾನೂ ಹೇಳಲಿಲ್ಲ.

ಜೂನ್ ೨೮

ಎರಡು ವಾರ ಬರೆದಿಲ್ಲ. ವಿರುಪಣ್ಣ ಅಮೃತಾಳ ಕಂಪ್ಯೂಟರಿನ ಪಾಸ್‌ವರ್ಡ್ ನನಗೆ ಕೊಟ್ಟ. "ಇನ್ನ ನೀನ ನೋಡ್ಕೋಪಾ, ನಿನ್ನ ಬಿಟ್ರ ಯಾರದಾರ." ಬೇಕಿದ್ದ ಮಾತು ಸಿಕ್ಕಿತು. ಖುಷಿಯಾಗಲಿಲ್ಲ.

ಅಮೃತಾ ದಿನಾ ಸಂಜೆ ಪಕ್ಕದಲ್ಲಿ ಕೂತು ಕಲಿಸುತ್ತಾಳೆ, ಹಳೇ ಪಟ್ಟಿಯೊಳಗೇ ಹೊಸದನ್ನು ಸೇರಿಸುವ ಬಗೆ. ಒಂದು ಚುಚ್ಚುಮಾತಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು… ಸುಮ್ಮನಿರುವುದರಲ್ಲೂ ನನ್ನನ್ನು ಮೀರಿಸಿದಳು.

ಜೂನ್ ೩೦, ಬೆಳಿಗ್ಗೆ ೮:೫೦

ಅವಳ ಕೊನೆಯ ದಿನ. ವಿರುಪಣ್ಣ ಒಳಗಿದ್ದಾನೆ. ಹೇಳಿದರೆ ಅವಳು ಉಳಿಯುತ್ತಾಳೆ. ಮತ್ತೆ ಎಲ್ಲರ ಬಾಯಲ್ಲೂ ಅಮೃತಾ, ಅಮೃತಾ. ಪಾಸ್‌ವರ್ಡ್ ವಾಪಸ್, ಹೆಸರೂ ವಾಪಸ್. ಹೇಳದಿದ್ದರೆ ಅಣ್ಣನ ಮುಖ ಹೇಗೆ ನೋಡಲಿ?

ಮೂರು ಸಲ ಬಾಗಿಲ ತನಕ ಹೋಗಿ ಬಂದೆ. ಈಗ ಅವನೇ ಕೂಗಿದ: "ಏನಪಾ ಕೊಟ್ರಪ್ಪ, ಅಡ್ಡಾಡಾಕತ್ತಿಯಲ್ಲ, ಏನ್ ಬೇಕು?"

ಬಾಯಿಪಾಠ ಆಗಲೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಸಾಹುಕಾರ್ರ, ಹುಡುಗೀದು ಏನೂ ತಪ್ಪಿಲ್ರಿ. ಪರೀಕ್ಷಿ ಹಿಂದಿನ ದಿನ ಸಂಜಿಮುಂದ ನಾ ಆ ಫೈಲಿನ್ಯಾಗ… ಸಾಕು, ಉಳಿದದ್ದನ್ನು ಒಳಗೇ ಹೇಳುತ್ತೇನೆ.