ಕೆಳಗಿನ ರೆಕ್ಕೆಯ ಪೆಟ್ರೋಲು

ಎಸ್ಟೇಟ್ ಸ್ಟೋರ್, ಬೆಳಗೋಡು
೧೮ ಜನವರಿ ೧೯೯೯, ಸೋಮವಾರ

ಪ್ರೀತಿಯ ಮಗಳೇ ಕೃತಿಕಾ,

ಹೇಗಿದ್ದೀಯ ತಾಯಿ? ಹೊಟ್ಟೆಗೆ ಏನಾದರೂ ತಿನ್ನುತ್ತಿದ್ದೀಯೋ ಇಲ್ಲವೋ? ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ಸಂಕ್ರಾಂತಿಗೆ ನಾವು ಎಳ್ಳು ಬೀರಲಿಲ್ಲ. ಪಕ್ಕದವರು ಕೊಟ್ಟದ್ದನ್ನು ಅವಳು ಡಬ್ಬಿಗೆ ಸುರಿದು ಮುಚ್ಚಳ ಹಾಕಿಬಿಟ್ಟಳು, ಯಾರೂ ಮುಟ್ಟಿಲ್ಲ.

ನಿನ್ನ ಕಾಗದ ಹೋದ ಸೋಮವಾರವೇ ಬಂತು. ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನೀನು ಕೇಳಿರುವುದು ಒಂದೇ ಮಾತು: "ಅಪ್ಪಾ, ಅವರು ಪೆಟ್ರೋಲ್ ನೋಡದೇ ಹಾರಿದ್ರಾ?" ನಿಮ್ಮ ಮಾವ ಏಕಾಂತಯ್ಯನವರು ಎದ್ದರೆ ಕೂತರೆ "ನನ್ನ ಮಗ ಕೈಯಾರೆ ಸಾವು ತಂದುಕೊಂಡ" ಅನ್ನುತ್ತಾರೆ ಎಂದೂ ಬರೆದಿದ್ದೀಯ. ಪೇಪರಿನವರೂ ಪೈಲಟ್ ಎಚ್ಚರಿಕೆ ವಹಿಸಲಿಲ್ಲ ಅಂತಲೇ ಬರೆದರು. ಬರೆದವನ ಕೈ ಸೇದಿಹೋಗಲಿ!

ಕೇಳು ಮಗಾ. ನಮ್ಮ ಅಳಿಯಂದಿರು ನೋಡದೇ ಹಾರುವ ಆಸಾಮಿಯಲ್ಲ. ಮಾಲೀಕರು ಆ ಎರಡು ಸೀಟಿನ ವಿಮಾನ ತಂದು, ಗುಡ್ಡದ ಹುಲ್ಲು ಸವರಿಸಿ ಇಳಿಯುವ ಜಾಗ ಮಾಡಿಸಿ, ಸಂಜಯ್ ಅವರನ್ನೇ ಪೈಲಟ್ ಆಗಿ ಕರೆಸಿದಾಗ ಊರೆಲ್ಲ ಹೇಳಿಕೊಂಡು ಹಿಗ್ಗಿದವನು ನಾನು. ಅವತ್ತು ಪಾಳ್ಯದ ಕಡೆ ಆನೆ ಹಿಂಡು ಇಳಿದಿತ್ತು. ಕಾಫಿ ಹಣ್ಣು ಕುಯ್ಯುವವರನ್ನು ತೋಟಕ್ಕೆ ಬಿಡುವ ಮುಂಚೆ ಹಿಂಡು ಎಲ್ಲಿದೆ ಎಂದು ಮೇಲಿನಿಂದ ನೋಡಿ ಬರಬೇಕಿತ್ತು. ಒಂದು ಗಂಟೆಯ ಕೆಲಸ. ವಿಮಾನದೊಳಗಿನ ಪೆಟ್ರೋಲ್ ಮುಳ್ಳು ತನಗೆ ತೋಚಿದಂತೆ ಕುಣಿಯುತ್ತಿತ್ತು, ಅವರು ಅದನ್ನು ನಂಬುತ್ತಲೇ ಇರಲಿಲ್ಲ. ಅದಕ್ಕೇ ಬಿದಿರು ಕಡ್ಡಿಗೆ ತಾವೇ ಗೆರೆ ಕೊರೆದು, ರೆಕ್ಕೆಯ ಟ್ಯಾಂಕಿಗೆ ಇಳಿಸಿ ಅಳೆಸುತ್ತಿದ್ದರು. ಸ್ಟೋರಿನಲ್ಲಿ ಡೀಸೆಲ್ ಡ್ರಮ್ ಅಳೆಯುವಂತೆಯೇ. ಡ್ರಮ್ ಮಟ್ಟಸವಾಗಲಿ ಎಂದು ಕೆಳಗೆ ಚಪ್ಪಟೆ ಕಲ್ಲು ಇಡುತ್ತಿದ್ದವಳು ನೀನೇ ಅಲ್ಲವೇ, ಲಂಗದ ತುಂಬ ಡೀಸೆಲ್ ಮಾಡಿಕೊಂಡು! ಅವತ್ತೂ ಅಳೆಸಿದರು. ಎರಡು ಗಂಟೆಗೆ ಸಾಕಾಗುವಷ್ಟಿದೆ ಎಂದು ಅಳೆದವನು ಹೇಳಿದ. ಅವರು ನಂಬಿ ಹತ್ತಿದರು.

ಗದ್ದೆಯಲ್ಲಿದ್ದ ಗಿಡ್ಡಯ್ಯ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸದ್ದು ನಿಂತೋಯ್ತು ಕಣಣ್ಣ. ಹದ್ದು ತೇಲ್ದಂಗೆ ತೇಲ್ಕಂಡು ಬಂತು. ಗದ್ದೆ ತುಂಬ ಹೆಂಗಸ್ರು ಕುಯ್ಲು ಮಾಡ್ತಿದ್ರು. ನೋಡ್ಬುಟ್ಟು ಅತ್ಲಾಗೆ ತಿರುಗಿಸ್ಬುಟ್ಟ, ಪುಣ್ಯಾತ್ಮ." ಅತ್ತ ಇದ್ದದ್ದು ಸಿಲ್ವರ್ ಮರಗಳ ಸಾಲು. ಬೆಂಕಿ ಹತ್ತಲಿಲ್ಲ. ಹತ್ತಲು ಪೆಟ್ರೋಲ್ ಎಲ್ಲಿತ್ತು? ನಿನಗೆ ಮುಖ ನೋಡಲು ಬಿಡದವನೂ ನಾನೇ. ಬೈದುಕೋ, ಪರವಾಗಿಲ್ಲ.

ಅತ್ತೆ ಮಾವನಿಗೆ ನನ್ನ ಶರಣು ತಿಳಿಸು. ಶಿವ ನಿನ್ನ ಕೈ ಬಿಡದಿರಲಿ.

ನಿನ್ನ ಅಪ್ಪ,
ಶಾಂತಮಲ್ಲಪ್ಪ

ವಿ.ಸೂ.: ಟಪಾಲು ಒಯ್ಯುವ ಬಸ್ಸು ಬರುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಅಳೆದವನು ನಾನು. ವಿಮಾನ ಇಳಿಜಾರಿಗೆ ಅಡ್ಡ ನಿಂತಿತ್ತು. ಕೆಳಗಿನ ರೆಕ್ಕೆ ಸ್ಟೂಲಿಗೇ ಎಟುಕಿತು. ಮೇಲಿನದಕ್ಕೆ ಸ್ಟೋರಿನಿಂದ ಏಣಿ ತರಬೇಕಿತ್ತು, ನಾನು ತರಲಿಲ್ಲ. ಕೆಳಗಿನದನ್ನು ಅಳೆದು ಎರಡರಲ್ಲೂ ಅಷ್ಟೇ ಇದೆ ಅಂದೆ. ಎರಡು ಟ್ಯಾಂಕಿಗೂ ನಡುವೆ ಕೊಳವೆ ಇದೆ, ಇದ್ದ ಪೆಟ್ರೋಲೆಲ್ಲ ಅದರಲ್ಲಿ ಹರಿದು ಕೆಳಗಿನ ರೆಕ್ಕೆಗೆ ಇಳಿದು ನಿಂತಿತ್ತು ಕಣಮ್ಮ. ಡ್ರಮ್ ಮಟ್ಟಸವಿಲ್ಲದೆ ಕಡ್ಡಿ ಇಳಿಸಿದರೆ ಮೂವತ್ತು ವರ್ಷ ಆಳುಗಳನ್ನು ಬೈದ ಮನುಷ್ಯ ನಾನು. ಅಳಿಯಂದಿರು ತಾವೇ ನೋಡಲು ಸ್ಟೂಲಿನ ಮೇಲೆ ಕಾಲಿಟ್ಟಿದ್ದರು. "ನೀವು ಅಳೆದ್ರಾ ಮಾವ? ಹಂಗಾದ್ರೆ ಬಿಡಿ" ಎಂದು ಇಳಿದರು. ಕಡ್ಡಿಯನ್ನು ಒಲೆಗೆ ಹಾಕಲು ಎರಡು ಸಲ ಎತ್ತಿಕೊಂಡೆ, ಆಗಲಿಲ್ಲ. ಗುರುವಾರ ತನಿಖೆಯವರು ಬರುತ್ತಾರೆ, ಅವರ ಕೈಗೆ ಕೊಟ್ಟು ಎಲ್ಲ ಹೇಳುತ್ತೇನೆ. ಇದನ್ನು ಏಕಾಂತಯ್ಯನವರಿಗೆ ಓದಿ ಹೇಳು. ಅವರ ಮಗ ಕೇಳಿಯೇ ಹಾರಿದ. ಇನ್ನು ಮೇಲೆ ನನಗೆ ಕಾಗದ ಬರೆಯದಿದ್ದರೂ ಸರಿ, ಅಮ್ಮನಿಗೆ ಮಾತ್ರ ಬರಿ. ಅವಳಿಗೆ ಇನ್ನೂ ಗೊತ್ತಿಲ್ಲ.