ಬೀಗರಿಗೆ ಇನ್ನೊಂದು ಗುಡ್ಡ

ಕಮಲಾಪುರ, ಗುರುವಾರ

ಬೀಗರಾದ ಗುರುಲಿಂಗಪ್ಪನವರಿಗೆ ಅಣವೀರಪ್ಪನ ಶರಣು.

ಸೊಸೆಯನ್ನು ಮನೆತುಂಬಿಸಿಕೊಳ್ಳಲು ಸುಣ್ಣ ಬಳಿಸುತ್ತೇನೆಂದು ಮದುವೆ ಮುಗಿಯುತ್ತಲೇ ನೀವು ಎಲ್ಲರಿಗಿಂತ ಮೊದಲೇ ಕಲಬುರ್ಗಿಗೆ ಹೋದಿರಿ. ಓಣಿಯಲ್ಲಿ ಇಲಿ ಸತ್ತು ಬೀಳುತ್ತಿವೆ, ಪ್ಲೇಗು ಬಂದಿದೆ, ಗೊತ್ತಾದರೆ ಮಗ ಓಡಿ ಬರುತ್ತಾನೆ, ಏನೂ ಹೇಳದೆ ಮದುವೆಯ ಮಂದಿಯನ್ನು ಅಲ್ಲೇ ತಡೆಯಿರಿ ಎಂಬ ನಿಮ್ಮ ಕಾಗದ ತಲುಪಿತು.

ತಡೆದಿದ್ದೇನೆ. ಮೊನ್ನೆ ಗುಡ್ಡ ಹತ್ತಿಸಿದೆ, ನಿನ್ನೆ ಹಳ್ಳದಲ್ಲಿ ಈಜಾಡಿಸಿದೆ, ಇಂದು ಕೆಂಪು ಬಾಳೆಯ ತೋಟದಲ್ಲಿ ಊಟ. ನಾಳೆಯ ಬೋಳುಗುಡ್ಡವನ್ನು ಎಷ್ಟು ಹೊಗಳಿದ್ದೇನೆಂದರೆ ನನಗೇ ನೋಡುವ ಆಸೆಯಾಗಿದೆ.

"ಮಾವಾರ, ಇನ್ನೆಷ್ಟ ಗುಡ್ಡ ಅದಾವ್ರೀ? ಅಪ್ಪ ಕಾಯ್ತಿರ್ತಾನ," ಎಂದ ನಿಮ್ಮ ಮಗ. ನನ್ನ ಮಗಳು ಗಂಟು ಕಟ್ಟಿ ಕೂತಿದ್ದಾಳೆ.

ಮನೆಯ ಸಾಮಾನಿನ ಆಸೆ ಬಿಟ್ಟು, ಪ್ಲೇಗಿಗೆ ಹೆದರಿದ ಮಂದಿಯಂತೆ ನೀವೂ ಊರ ಹೊರಗೆ ಗುಡಿಸಲು ಹಾಕಿಕೊಂಡಿರಿ. ಹುಷಾರಾಗಿದ್ದೇನೆಂದು ಎರಡೇ ಸಾಲು ಬರೆಯಿರಿ, ಆದರೆ ನೀವೇ ಬರೆಯಿರಿ. ಆ ಕಾಗದ ನಿಮ್ಮ ಅಕ್ಷರದಲ್ಲಿರಲಿಲ್ಲ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಅಣವೀರಪ್ಪ